ಅಂತ್ಯಕಾಲದ ಪ್ರವಾದನೆ: ಎರಡು ಸಾವಿರ ವರ್ಷಗಳ ಓದು

ದಾನಿಯೇಲನ ಗ್ರಂಥವನ್ನೂ ಯೋಹಾನನ ಪ್ರಕಟನೆಯನ್ನೂ ಶ್ರದ್ಧೆಯಿಂದ ಓದುವ ಯಾವ ಕ್ರೈಸ್ತನಿಗೂ ಎರಡು ಪ್ರಶ್ನೆ ತಪ್ಪಿದ್ದಲ್ಲ. ಇದೆಲ್ಲ ಯಾವಾಗ ನೆರವೇರುತ್ತದೆ? ಅಲ್ಲಿಯವರೆಗೆ ನಾವು ಹೇಗೆ ಬಾಳಬೇಕು? ಮೊದಲನೆಯ ಪ್ರಶ್ನೆಗೆ ಇಸವಿ ಹಿಡಿದು ಕೊಟ್ಟ ಉತ್ತರಗಳೆಲ್ಲ, ಒಂದೂ ಬಿಡದೆ, ಸುಳ್ಳಾಗಿವೆ. ಎರಡನೆಯದನ್ನು ಹಿಡಿದು ಓದಿದವರ ಬರಹ ಮಾತ್ರ ಇಂದಿಗೂ ಸಭೆಯನ್ನು ಪೋಷಿಸುತ್ತಿದೆ. ಈ ಓದಿನ ಚರಿತ್ರೆಯನ್ನು ತಿಳಿಯದೆ ಅಂತ್ಯಕಾಲದ ಅಧ್ಯಯನಕ್ಕೆ ಕೈಹಾಕಬಾರದು ಎಂದು ನಾನು ನಂಬುವುದು ಇದರಿಂದಲೇ.

ಆದಿ ಸಭೆಯ ನಿರೀಕ್ಷೆ

ಪ್ರಕಟನೆ 20ನೆಯ ಅಧ್ಯಾಯದ ಸಾವಿರ ವರ್ಷಗಳ ಆಳ್ವಿಕೆಯನ್ನು ಎರಡನೆಯ ಶತಮಾನದ ಪಾಪಿಯಾಸ್, ಜಸ್ಟಿನ್, ಐರಿನೇಯಸ್ ಅಕ್ಷರಶಃ ನಂಬಿದ್ದರು. ಕ್ರಿಸ್ತನು ಮರಳಿ ಬಂದು ಇದೇ ಭೂಮಿಯ ಮೇಲೆ ಆಳುವನೆಂಬುದು ಹಿಂಸೆಗೆ ಸಿಕ್ಕವರಿಗೆ ದೊಡ್ಡ ಆಸರೆಯಾಗಿತ್ತು. ಆದರೂ ಪ್ರಕಟನೆ 13ರ ಮೃಗದ ಸಂಖ್ಯೆಯಾದ 666ರ ಒಗಟಿಗೆ ಕೆಲವು ಹೆಸರು ಹೊಂದಬಹುದೆಂದು ತೋರಿಸಿದ ಐರಿನೇಯಸ್, ಇವನೇ ಎಂದು ಯಾರತ್ತಲೂ ಬೆರಳು ಮಾಡಲಿಲ್ಲ. ನೆರವೇರಿಕೆಗಾಗಿ ಕಾಯುವುದು ಊಹೆಗಿಂತ ಕ್ಷೇಮ ಎಂಬುದು ಅವನ ನಿಲುವು.

ಸುಮಾರು 204ರಲ್ಲಿ ಹಿಪ್ಪೊಲಿಟಸ್ ದಾನಿಯೇಲನ ಗ್ರಂಥಕ್ಕೆ ಬರೆದ ವ್ಯಾಖ್ಯಾನ, ಇಂದಿಗೆ ಉಳಿದಿರುವ ಕ್ರೈಸ್ತ ಬೈಬಲ್ ವ್ಯಾಖ್ಯಾನಗಳಲ್ಲಿ ಅತ್ಯಂತ ಹಳೆಯದು. ಅದರಲ್ಲಿ ಅವನು ಎರಡು ಘಟನೆಗಳನ್ನು ದಾಖಲಿಸುತ್ತಾನೆ. ಸಿರಿಯದ ಸಭಾನಾಯಕನೊಬ್ಬ ಕ್ರಿಸ್ತನನ್ನು ಎದುರುಗೊಳ್ಳಲೆಂದು ಹೆಂಗಸರು ಮಕ್ಕಳ ಸಮೇತ ಜನರನ್ನು ಅಡವಿಗೆ ಕರೆದೊಯ್ದ. ಅವರು ದಿಕ್ಕುತಪ್ಪಿ ಅಲೆದು, ದರೋಡೆಕೋರರೆಂಬ ಶಂಕೆಗೆ ಗುರಿಯಾಗಿ ಕೊಲೆಯಾಗುವುದರಲ್ಲಿದ್ದರು. ಪೊಂತದ ಇನ್ನೊಬ್ಬ ನಾಯಕ ಒಂದು ವರ್ಷದೊಳಗೆ ನ್ಯಾಯತೀರ್ಪು ಬರುವುದೆಂದು ಕನಸಿನ ಬಲದ ಮೇಲೆ ಸಾರಿದ. ಜನ ಉಳುಮೆ ಬಿಟ್ಟರು, ಆಸ್ತಿ ಮಾರಿದರು, ವರ್ಷ ತುಂಬಿದಾಗ ಬೀದಿಪಾಲಾದರು. ಈ ಎಚ್ಚರಿಕೆಯನ್ನು ಬರೆದಿಟ್ಟ ಹಿಪ್ಪೊಲಿಟಸನೇ, ಲೋಕದ ಆಯುಸ್ಸು ಆರು ಸಾವಿರ ವರ್ಷವೆಂದು ಎಣಿಸಿ ಅಂತ್ಯವನ್ನು ಕ್ರಿಸ್ತ ಜನನದ 500 ವರ್ಷಗಳ ಆಚೆಗೆ ನಿಲ್ಲಿಸಿದ್ದ. ಆ ಗಡುವೂ ಕಳೆದುಹೋಯಿತು.

ಆಗಸ್ಟಿನನ ತಿರುವು

ಸಾಮ್ರಾಜ್ಯವೇ ಕ್ರೈಸ್ತವಾದ ಮೇಲೆ ಓದು ಬದಲಾಯಿತು. ತನಗಿಂತ ಮುಂಚಿನ ವ್ಯಾಖ್ಯಾನಕಾರ ಟೈಕೋನಿಯಸನ ಜಾಡು ಹಿಡಿದ ಆಗಸ್ಟಿನ್, ‘ದೇವರ ನಗರ’ ಗ್ರಂಥದ 20ನೆಯ ಭಾಗದಲ್ಲಿ ಸಾವಿರ ವರ್ಷವೆಂದರೆ ಕ್ರಿಸ್ತನ ಮೊದಲ ಬರುವಿಕೆಯಿಂದ ಎರಡನೆಯ ಬರುವಿಕೆಯವರೆಗಿನ ಸಭೆಯ ಕಾಲವೇ ಎಂದ. ಒಂದು ಕಾಲಕ್ಕೆ ತಾನೂ ಭೂಲೋಕದ ಸಾವಿರ ವರ್ಷಗಳನ್ನು ನಂಬಿದ್ದೆನೆಂದು ಅವನೇ ಹೇಳುತ್ತಾನೆ. ಪಶ್ಚಿಮದ ಸಭೆ ಮುಂದೆ ಶತಮಾನಗಳ ಕಾಲ ಈ ದಾರಿಯಲ್ಲೇ ನಡೆಯಿತು.

12ನೆಯ ಶತಮಾನದಲ್ಲಿ ಇಟಲಿಯ ಸನ್ಯಾಸಿ ಫಿಯೋರೆಯ ಯೋವಾಕಿಮ್ ಚರಿತ್ರೆಯನ್ನು ತಂದೆಯ ಯುಗ, ಮಗನ ಯುಗ, ಪವಿತ್ರಾತ್ಮನ ಯುಗ ಎಂದು ಮೂರಾಗಿ ಕಂಡ. ಪ್ರಕಟನೆಯ 1260 ದಿನಗಳನ್ನು ವರ್ಷಗಳಾಗಿ ಎಣಿಸಿದ ಅವನ ಅನುಯಾಯಿಗಳು 1260ನೆಯ ಇಸವಿಗಾಗಿ ಕಾದರು.

ಸುಧಾರಣೆಯ ಕಾಲದಲ್ಲಿ ಲೂಥರ್ 1522ರ ಮುನ್ನುಡಿಯಲ್ಲಿ ಪ್ರಕಟನೆ ತನ್ನ ಮನಸ್ಸಿಗೆ ಒಗ್ಗದೆಂದ. 1530ರಲ್ಲಿ ಹೊಸ ಮುನ್ನುಡಿ ಬರೆದು ಅದರಲ್ಲಿ ಸಭೆಯ ಚರಿತ್ರೆಯನ್ನೂ ಪೋಪರನ್ನೂ ಕಂಡ. ಕ್ಯಾಲ್ವಿನ್ ಹೊಸ ಒಡಂಬಡಿಕೆಯ ಬಹುಪಾಲು ಪುಸ್ತಕಗಳಿಗೆ ವ್ಯಾಖ್ಯಾನ ಬರೆದರೂ ಪ್ರಕಟನೆಗೆ ಬರೆಯಲಿಲ್ಲ. ಪೋಪರೇ ಕ್ರಿಸ್ತವಿರೋಧಿಗಳೆಂಬ ಆಪಾದನೆಗೆ ಜೆಸ್ಯೂಟರಿಂದ ಎರಡು ಉತ್ತರ ಬಂದವು. ಪ್ರಕಟನೆಯ ಹೆಚ್ಚಿನ ಭಾಗ ಇನ್ನೂ ಬರಲಿರುವುದು ಎಂದ ರಿಬೇರಾ. ಹೆಚ್ಚಿನದು ಆದಿ ಸಭೆಯ ಕಾಲದಲ್ಲೇ ಮುಗಿದಿದೆ ಎಂದ ಅಲ್ಕಾಸರ್. ಇಂದು ನಾವು ಕೇಳುವ ವಾದಗಳ ಬೇರು ಈ ಜಗಳದಲ್ಲಿದೆ.

ಇಸವಿಗಳ ಕಾಲ

ಅರಣ್ಯಕಾಂಡ 14:34 ಮತ್ತು ಯೆಹೆಜ್ಕೇಲ 4:6ರ ಆಧಾರದ ಮೇಲೆ ‘ಒಂದು ದಿನಕ್ಕೆ ಒಂದು ವರ್ಷ’ ಎಂಬ ಸೂತ್ರ ಬಲವಾಯಿತು. ಅದರ ಬಲವನ್ನೂ ಅಪಾಯವನ್ನೂ ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್‌ನ ಲೆಕ್ಕದಲ್ಲಿ ನೋಡಬಹುದು. ದಾನಿಯೇಲ 8:14ರ 2300 ದಿನಗಳನ್ನು ಅವನು 2300 ವರ್ಷಗಳೆಂದು ತೆಗೆದುಕೊಂಡ. ಅರ್ತಷಸ್ತನು ಎಜ್ರನಿಗೆ ಅಪ್ಪಣೆ ಕೊಟ್ಟ ಕ್ರಿ.ಪೂ. 457ರಿಂದ ಎಣಿಸಿದರೆ 1843. ಕ್ರಿ.ಪೂ.ದಿಂದ ಕ್ರಿ.ಶ.ಕ್ಕೆ ದಾಟುವಾಗ ಸೊನ್ನೆ ವರ್ಷವಿಲ್ಲವಾದ್ದರಿಂದ 1844. ಕೊನೆಗೆ ಅನುಯಾಯಿಗಳು ಕ್ರಿಸ್ತನ ಬರುವಿಕೆಯ ದಿನ ಅಕ್ಟೋಬರ್ 22 ಎಂದು ನಿಗದಿಮಾಡಿದರು. ಅಮೆರಿಕದಲ್ಲಿ ಸಾವಿರಾರು ಜನ ಕಾದರು, ದಿನ ಕಳೆಯಿತು. ಗಣಿತದಲ್ಲಿ ದೋಷವಿರಲಿಲ್ಲ. ತಂದೆಯು ತನ್ನ ಸ್ವಾಧೀನದಲ್ಲಿ ಇಟ್ಟುಕೊಂಡಿರುವ ಕಾಲಗಳನ್ನು ತಿಳಿಯುವುದು ನಿಮ್ಮ ಕೆಲಸವಲ್ಲ ಎಂದು ಯೇಸು ಅಪೊಸ್ತಲರಿಗೆ ಹೇಳಿದ್ದನ್ನು ಬದಿಗಿಟ್ಟದ್ದೇ ದೋಷ.

ಇದೇ ಧಾರೆಯ ಇನ್ನೊಂದು ಕವಲು ಕನ್ನಡ ನಾಡಿಗೆ ಬಂದು ಮುಟ್ಟುತ್ತದೆ. ಜರ್ಮನಿಯ ವುರ್ಟೆಂಬರ್ಗ್‌ನ ಬೆಂಗೆಲ್ 18ನೆಯ ಶತಮಾನದ ಮಹಾ ವಿದ್ವಾಂಸ. ಪ್ರಕಟನೆಯ ಅಂಕಿಗಳಿಂದ 1836ನ್ನು ನಿರ್ಣಾಯಕ ವರ್ಷವೆಂದು ಎಣಿಸಿದ್ದ. ಅವನಿಂದ ಪ್ರಭಾವಿತವಾದ ಭಕ್ತಿಪಂಥದ ವಾತಾವರಣದಲ್ಲೇ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. ಭಾರತಕ್ಕೆ ಬಂದ ಅದರ ಮೊದಲ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಕಾಲಿಟ್ಟರು. ಆ ಇಸವಿಯನ್ನು ನೆಚ್ಚಿಕೊಂಡೇ ಅವರು ಬಂದರೆಂದಲ್ಲ. ಆದರೆ ಅಂತ್ಯಕ್ಕೆ ಮುಂಚೆ ಸುವಾರ್ತೆ ಎಲ್ಲ ಜನಾಂಗಗಳಿಗೆ ಸಾರಲ್ಪಡಬೇಕೆಂಬ ಮತ್ತಾಯ 24:14ರ ಮಾತು ಆ ಪಂಥದ ಮಿಷನ್ ಉತ್ಸಾಹಕ್ಕೆ ಬಲ ಕೊಟ್ಟಿತ್ತು. 1836 ಸದ್ದಿಲ್ಲದೆ ಕಳೆಯಿತು, ಕೆಲಸ ನಿಲ್ಲಲಿಲ್ಲ. ಶಾಲೆಗಳು, ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗ್‌ನ ‘ಮಂಗಳೂರ ಸಮಾಚಾರ’ ಪತ್ರಿಕೆ, 1894ರಲ್ಲಿ ಕಿಟ್ಟೆಲ್‌ನ ಕನ್ನಡ–ಇಂಗ್ಲಿಷ್ ನಿಘಂಟು. ಬರುವಿಕೆಯ ನಿರೀಕ್ಷೆ ದುಡಿಮೆಯಾಗಿ ಹರಿದಾಗ ಎಷ್ಟು ಫಲ ಕೊಡಬಲ್ಲದು ಎಂಬುದಕ್ಕೆ ನಮಗೆ ದೂರದ ಸಾಕ್ಷಿ ಬೇಕಿಲ್ಲ.

ಡಾರ್ಬಿಯಿಂದ ಇಂದಿನವರೆಗೆ

ಕರ್ನಾಟಕದ ಅನೇಕ ಬ್ರದರನ್, ಪೆಂತೆಕೊಸ್ತು ಸಭೆಗಳಲ್ಲಿ ಕೇಳುವ ಕ್ರಮ ಹೀಗಿದೆ: ಮೊದಲು ಸಭೆ ಮೇಲಕ್ಕೆ ಎತ್ತಲ್ಪಡುವುದು, ಆಮೇಲೆ ಏಳು ವರ್ಷಗಳ ಮಹಾಸಂಕಟ, ಅನಂತರ ಸಾವಿರ ವರ್ಷಗಳ ಆಳ್ವಿಕೆ. ಇದಕ್ಕೆ 1830ರ ದಶಕದಲ್ಲಿ ರೂಪ ಕೊಟ್ಟವನು ಜಾನ್ ನೆಲ್ಸನ್ ಡಾರ್ಬಿ. ದಾನಿಯೇಲ 9ರ ಎಪ್ಪತ್ತು ವಾರಗಳಲ್ಲಿ 69 ಮುಗಿದು, ಇಸ್ರಾಯೇಲಿಗೆ ಸೇರಿದ ಕೊನೆಯ ವಾರ ಮುಂದಕ್ಕೆ ಹೋಗಿದೆ, ನಡುವಿನ ಬಿಡುವೇ ಸಭೆಯ ಕಾಲ ಎಂಬುದು ಅದರ ಕೀಲು. 1909ರ ಸ್ಕೋಫೀಲ್ಡ್ ಬೈಬಲ್ ಈ ವಿವರಣೆಯನ್ನು ವಚನಗಳ ಅಡಿಯಲ್ಲೇ ಅಚ್ಚುಹಾಕಿ ಮನೆಮನೆಗೆ ಮುಟ್ಟಿಸಿತು. 1948ರಲ್ಲಿ ಇಸ್ರೇಲ್ ರಾಜ್ಯ ಸ್ಥಾಪನೆಯಾದದ್ದು ಈ ಓದಿಗೆ ಹೊಸ ಹುರುಪು ಕೊಟ್ಟಿತು. 1970ರಲ್ಲಿ ಹೊರಬಂದ, ಅಂತ್ಯಕಾಲದ ಕುರಿತ ಹಾಲ್ ಲಿಂಡ್ಸೆಯ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಪ್ರವಾದನೆಯನ್ನು ದಿನಪತ್ರಿಕೆಯ ಪಕ್ಕದಲ್ಲಿಟ್ಟು ಓದುವ ಅಭ್ಯಾಸ ಬೇರೂರಿತು. ಅದರ ಅಪಾಯವೆಂದರೆ, ಪತ್ರಿಕೆಯ ಸುದ್ದಿ ಬದಲಾದಾಗಲೆಲ್ಲ ದೇವರ ವಾಕ್ಯದ ಅರ್ಥವೂ ಬದಲಾಗಬೇಕಾಗುತ್ತದೆ.

ಇದೇ ಅವಧಿಯಲ್ಲಿ ಇನ್ನೊಂದು ಓದು ಬಲಗೊಂಡಿತು. ಆಸ್ಕರ್ ಕುಲ್ಮನ್, ಜಾರ್ಜ್ ಲ್ಯಾಡ್ ಮುಂತಾದವರು ದೇವರ ರಾಜ್ಯ ಕ್ರಿಸ್ತನಲ್ಲಿ ಆಗಲೇ ಬಂದಿದೆ, ಆದರೆ ಇನ್ನೂ ಪೂರ್ಣವಾಗಿಲ್ಲ ಎಂದು ತೋರಿಸಿದರು. ರಿಚರ್ಡ್ ಬೌಕಮ್‌ರಂಥವರು ಪ್ರಕಟನೆಯನ್ನು ಅದರ ಮೊದಲ ಕೇಳುಗರಾದ ಏಳು ಸಭೆಗಳ ಪಕ್ಕದಲ್ಲಿ ಕುಳಿತು ಓದಿದರು. ಈ ಓದಿನಿಂದ ನನಗೆ ತೆರೆದುಕೊಂಡ ಒಂದು ಭಾಗ ಪ್ರಕಟನೆ 13. ಸಮುದ್ರದಿಂದ ಏಳುವ ಮೃಗ ಚಿರತೆಯಂತಿದೆ, ಅದಕ್ಕೆ ಕರಡಿಯ ಕಾಲು, ಸಿಂಹದ ಬಾಯಿ, ಹತ್ತು ಕೊಂಬು. ದಾನಿಯೇಲ 7ರಲ್ಲಿ ಬೇರೆಬೇರೆಯಾಗಿ ಬರುವ ನಾಲ್ಕು ಮೃಗಗಳು ಇಲ್ಲಿ ಒಂದೇ ಮೈಯಲ್ಲಿ ಕೂಡಿವೆ. ಅಲ್ಲಿನ ಚಿರತೆಗೆ ನಾಲ್ಕು ತಲೆ, ಉಳಿದ ಮೂರಕ್ಕೆ ಒಂದೊಂದು. ಒಟ್ಟು ಏಳು, ಯೋಹಾನನ ಮೃಗಕ್ಕೂ ಏಳೇ. ‘ನೆರೊನ್ ಕೈಸರ್’ ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿದರೆ 666 ಬರುತ್ತದೆ, ಕೊನೆಯ ‘ನ್’ ಬಿಟ್ಟರೆ 616. ಕೆಲವು ಪುರಾತನ ಪ್ರತಿಗಳಲ್ಲಿ ಇರುವ ಸಂಖ್ಯೆಯೂ ಅದೇ. ಕೈಸರನಿಗೆ ಧೂಪ ಹಾಕಲೊಪ್ಪದೆ ಕಷ್ಟಪಡುತ್ತಿದ್ದ ಸ್ಮುರ್ನದ ವಿಶ್ವಾಸಿಗೆ ಈ ದರ್ಶನ ಹೇಳಿದ್ದು ಇಷ್ಟು: ನಿನ್ನನ್ನು ಹೆದರಿಸುವ ಅಧಿಕಾರ ಹೊಸದಲ್ಲ, ಶಾಶ್ವತವೂ ಅಲ್ಲ, ಕೊಲ್ಲಲ್ಪಟ್ಟ ಕುರಿಮರಿಯೇ ಸಿಂಹಾಸನದ ಮೇಲಿದ್ದಾನೆ.

ಹೀಗೆ ಓದುವುದರಿಂದ ಮುಂದೆ ಬರಲಿರುವುದು ಕರಗಿಹೋಗುವುದಿಲ್ಲ. ಕ್ರಿಸ್ತನು ಬರುತ್ತಾನೆ, ಸತ್ತವರು ಏಳುತ್ತಾರೆ, ನ್ಯಾಯತೀರ್ಪು ಆಗುತ್ತದೆ, ಹೊಸ ಭೂಮಿ ಬರುತ್ತದೆ. ಸಾವಿರ ವರ್ಷಗಳ ಬಗ್ಗೆ ಭಿನ್ನಾಭಿಪ್ರಾಯವಿರುವವರೂ ಇವನ್ನು ಒಟ್ಟಾಗಿ ಅರಿಕೆಮಾಡುತ್ತಾರೆ. ಆದ್ದರಿಂದ ಮನೆಯಲ್ಲಿ ಅಧ್ಯಯನಕ್ಕೆ ಕೂರುವವರು ಮೊದಲು ಹಳೆಯ ಒಡಂಬಡಿಕೆಯ ಪ್ರವಾದಿಗಳನ್ನು ಓದಲಿ, ಆಮೇಲೆ ಏಳು ಸಭೆಗಳ ಪತ್ರಗಳನ್ನು, ಕೊನೆಗೆ ಮುದ್ರೆ, ತುತೂರಿ, ಪಾತ್ರೆಗಳನ್ನು. ಅಂತ್ಯಕಾಲದ ಘಟನೆಗಳ ಕ್ರಮ ತೋರಿಸುವ ನಕ್ಷೆಗಳಿಗೆ ಆಮೇಲೆ ಸಮಯವಿದೆ.

ಮತ್ತಾಯ 24ರಲ್ಲಿ ಯುದ್ಧ, ಬರ, ಭೂಕಂಪಗಳ ಮಾತಾಡಿದ ಯೇಸು ಅಲ್ಲಿಗೇ ನಿಲ್ಲಿಸಲಿಲ್ಲ. ಅದೇ ಉಪದೇಶ 25ನೆಯ ಅಧ್ಯಾಯಕ್ಕೆ ಮುಂದುವರಿದು, ಹಸಿದವನಿಗೆ ಊಟ ಕೊಟ್ಟವರ, ಸೆರೆಯಲ್ಲಿದ್ದವನನ್ನು ನೋಡಲು ಹೋದವರ ತೀರ್ಪಿನಲ್ಲಿ ಮುಗಿಯುತ್ತದೆ. ಅಂತ್ಯಕಾಲದ ಅಧ್ಯಯನವೂ ಅಲ್ಲಿಗೇ ತಲುಪಬೇಕು.