ಎರಡು ಲಿಪಿಗಳ ನಡುವಿನ ಮಗು: ತಳಿಯ ತರಗತಿ ಮತ್ತು ಓದಿನ ಸಂಶೋಧನೆ

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ತಳಿಗೆ ಕರ್ನಾಟಕದ ಆನೇಕಲ್ಲಿನ ಗಡಿ ದೂರವಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಸೀಮೆ ಇದು. 2006ರ ತಮಿಳು ಕಲಿಕಾ ಕಾಯ್ದೆ ತಮಿಳನ್ನು ಒಂದನೇ ತರಗತಿಯಿಂದ ಮೊದಲುಮಾಡಿ ಹಂತಹಂತವಾಗಿ ಕಡ್ಡಾಯಗೊಳಿಸಿತು. ಹಾಗಾಗಿ ಇಲ್ಲಿನ ಕನ್ನಡ ಮಾಧ್ಯಮದ ಮಗು ಎರಡು ಲಿಪಿಗಳನ್ನು ಜೊತೆಜೊತೆಗೇ ತಿದ್ದುತ್ತದೆ. ಓದಿನ ಬಗೆಗಿನ ಸಂಶೋಧನೆ ಈ ಮಗುವಿನ ಸ್ಲೇಟಿನವರೆಗೆ ತಲುಪುವುದು ಹೇಗೆ?

ನೆರೆಯಲ್ಲೇ ಒಂದು ದಾರಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಂತಹಂತದ ಕಲಿಕಾ ಏಣಿಯನ್ನು ಕಣ್ಣಾರೆ ನೋಡಿ ಬಂದು ನಲಿ-ಕಲಿ ಎಂಬ ಕಲಿಕಾ ಪದ್ಧತಿಯನ್ನು ಕಟ್ಟಿದರು. ಅದೇ ಬೇರಿನ ಪದ್ಧತಿ 2003ರಲ್ಲಿ ಚೆನ್ನೈ ಪಾಲಿಕೆ ಶಾಲೆಗಳಿಗೂ ಬಂತು. ನಲಿ-ಕಲಿ ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸುತ್ತದೆ. ಐದೇ ಅಕ್ಷರಕ್ಕೆ ಮಗು ಸರ, ಅರಸ, ಗರಗಸ ಓದಿಬಿಡುತ್ತದೆ. ಎಂಥ ಸೊಗಸಾದ ಯೋಚನೆ!

ಆದರೆ ತಮಿಳು ಲಿಪಿಯಲ್ಲಿ ಕ-ಗಗಳಿಗೆ ಒಂದೇ ಅಕ್ಷರ, ತ-ದಗಳಿಗೂ ಒಂದೇ. ಮೈಸೂರಿನ ಮಗುವಿಗೆ ಸಲೀಸಾದ ಗ, ದಗಳೇ ತಳಿಯ ಮಗುವಿಗೆ ತೊಡಕಾಗಬಹುದು. ‘ಅಕ್ಕ’ವನ್ನೇ ನೋಡಿ: ಕನ್ನಡದಲ್ಲಿ ಎರಡನೆಯ ಕಕಾರ ಒತ್ತಾಗಿ ಕೆಳಗಿಳಿಯುತ್ತದೆ, ತಮಿಳಿನಲ್ಲಿ ಮೊದಲ ಕಕಾರ ತಲೆಯ ಮೇಲೆ ಚುಕ್ಕೆ ಹೊತ್ತು ಸಾಲಿನಲ್ಲೇ ನಿಲ್ಲುತ್ತದೆ. ಕನ್ನಡದ ಅಕ್ಷರಗಳು ಪೂರ್ತಿ ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷ ಹಿಡಿಯುತ್ತದೆಂದು ಸಂಶೋಧಕಿ ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿತು. ಎರಡು ಲಿಪಿ ಹೊತ್ತ ಮಗುವನ್ನು ಎರಡನೇ ತರಗತಿಯಲ್ಲೇ ‘ಹಿಂದುಳಿದವನು’ ಎಂದು ಬರೆದಿಡುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ.

ಆದ್ದರಿಂದ ಇಲ್ಲಿ ಸಂಶೋಧನೆ ಮೊದಲಾಗಬೇಕಾದದ್ದು ಮಕ್ಕಳ ತಪ್ಪುಗಳನ್ನು ಬರೆದಿಡುವ ಪುಸ್ತಕದಿಂದ. ಮಗು ‘ಮಗ’ ಎನ್ನಲು ‘ಮಕ’ ಎಂದು ಬರೆಯಿತೆನ್ನಿ. ಕೆಂಪು ಗೀಟು ಎಳೆಯುವ ಮೊದಲು ಮೇಷ್ಟರು ಅದನ್ನು ಬಾಯಲ್ಲಿ ಹೇಳಿಸಬೇಕು. ‘ಮಗ’ ಎಂದೇ ಅಂದರೆ ಕಿವಿ ಸರಿಯಿದೆ, ತಮಿಳು ಲಿಪಿಯ ನಿಯಮ ಕನ್ನಡಕ್ಕೆ ನುಸುಳಿರಬಹುದು. ಎರಡೂ ಲಿಪಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ತೋರಿಸಬೇಕು. ‘ಮಕ’ ಎಂದೇ ಅಂದರೆ ಕೆಲಸ ಕಿವಿಯಿಂದ ಶುರುವಾಗಬೇಕು. ತಳಿ, ಡೆಂಕಣಿಕೋಟೆ, ಹೊಸೂರಿನ ಶಿಕ್ಷಕರು ಇಂಥ ಟಿಪ್ಪಣಿಗಳನ್ನು ಒಂದು ವರ್ಷ ತಾರೀಖು ಹಾಕಿ ಬರೆದಿಟ್ಟು ಒಟ್ಟಿಗೆ ಕೂತು ಓದಿದರೆ, ಗಡಿಯ ಮಗುವಿಗೆ ಮೊದಲ ಐದು ಅಕ್ಷರ ಯಾವುವೆಂದು ಅವರೇ ಹೇಳಬಲ್ಲರು.