ಧ್ಯಾನಶ್ಲೋಕದಿಂದ ವೀಣೆಯ ತಂತಿಗೆ

ರಾಗಕ್ಕೆ ರೂಪವುಂಟೆಂಬ ನಂಬಿಕೆಯಿಂದ ಭಾರತದಲ್ಲಿ ‘ರಾಗಮಾಲೆ’ ಎಂಬ ಚಿತ್ರಪ್ರಕಾರವೇ ಹುಟ್ಟಿತು. ಒಂದೊಂದು ರಾಗವನ್ನೂ ನಾಯಕ ಅಥವಾ ನಾಯಿಕೆಯಾಗಿ ಭಾವಿಸಿ, ಅದರ ವಯಸ್ಸು, ಉಡುಗೆ, ಮನಃಸ್ಥಿತಿ, ಪರಿಸರಗಳನ್ನು ‘ಧ್ಯಾನಶ್ಲೋಕ’ವೆಂಬ ಪದ್ಯದಲ್ಲಿ ವರ್ಣಿಸುವುದು, ಆ ವರ್ಣನೆಯನ್ನು ಚಿತ್ರಕಾರ ಬಣ್ಣಕ್ಕೆ ಇಳಿಸುವುದು ಅದರ ಕ್ರಮ. ಈ ಶಾಸ್ತ್ರವನ್ನು ಬೆಳೆಸಿದವರಲ್ಲಿ ಪ್ರಮುಖನಾದ ಪುಂಡರೀಕ ವಿಠ್ಠಲ ಶಿವಗಂಗೆ ಬೆಟ್ಟದ ಸಮೀಪದ ಸಾತನೂರಿನವನು. ಉತ್ತರದ ಆಸ್ಥಾನಗಳನ್ನು ಸೇರಿದ ಈ ಕನ್ನಡಿಗ 1576ರ ತನ್ನ ‘ರಾಗಮಾಲಾ’ ಗ್ರಂಥದಲ್ಲಿ ಆರು ಪುರುಷರಾಗಗಳನ್ನೂ ಒಂದೊಂದಕ್ಕೆ ಐವರು ಪತ್ನಿಯರನ್ನೂ ಐವರು ಪುತ್ರರನ್ನೂ ಹೇಳಿ, ನಾದಕ್ಕೊಂದು ಸಂಸಾರವನ್ನೇ ಕಟ್ಟಿಕೊಟ್ಟನು. ವಿಜಯಪುರದಲ್ಲಿ ಸ್ವತಃ ಸಂಗೀತಗಾರನಾಗಿದ್ದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ತನ್ನ ‘ಕಿತಾಬ್-ಎ-ನೌರಸ್’ನಲ್ಲಿ ರಾಗಗಳನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದನು, ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಸ್ವರಚೂಡಾಮಣಿ’ ಅದೇ ಜಾಡಿನಲ್ಲಿ ಮುಂದುವರಿಯಿತು.

ಆದರೆ ಇಲ್ಲೊಂದು ಮಿತಿಯನ್ನು ಗಮನಿಸಬೇಕು. ತೋಡಿ ರಾಗಿಣಿಯನ್ನು ಬರೆಯುವ ಕಲಾವಿದ ವೀಣೆ ಹಿಡಿದ ತರುಣಿಯನ್ನೂ ಆಕೆಯ ನಾದಕ್ಕೆ ಮರುಳಾಗಿ ಬಂದ ಜಿಂಕೆಗಳನ್ನೂ ಚಿತ್ರಿಸುತ್ತಿದ್ದನಾದರೂ, ಅದಕ್ಕಾಗಿ ಅವನು ತೋಡಿಯನ್ನು ಕೇಳಿರಲೇಬೇಕೆಂದಿರಲಿಲ್ಲ. ಅವನ ಕೈಯನ್ನು ನಡೆಸುತ್ತಿದ್ದುದು ಪದ್ಯವೇ ಹೊರತು ಸ್ವರವಲ್ಲ.

ಸಂಗೀತವನ್ನು ಬೆರಳುಗಳಿಂದಲೇ ಅರಿಯಹೊರಟವರು ಕೆ. ವೆಂಕಟಪ್ಪ (1886–1965). ಅರಮನೆಗೆ ಚಿತ್ರ ಬರೆಯುತ್ತಿದ್ದ ಮನೆತನದಲ್ಲಿ ಹುಟ್ಟಿದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ, ಅವನೀಂದ್ರನಾಥ ಠಾಕೂರರ ಬಳಿ ‘ವಾಶ್’ ವಿಧಾನವನ್ನು, ಅಂದರೆ ತೆಳುಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ನೆನೆಸಿ, ಆರಿಸಿ, ಮತ್ತೆ ಮತ್ತೆ ಬಣ್ಣವೇರಿಸುವ ಕ್ರಮವನ್ನು ಕಲಿತರು. ಮೈಸೂರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರ ಶಿಷ್ಯರಾಗಿ ಸಾಧನೆಯಲ್ಲಿ ಎಷ್ಟು ಮುಳುಗಿದರೆಂದರೆ ಕುಂಚ ಹಿಂದೆ ಸರಿಯಿತು. ಆ ತಳಮಳವನ್ನೇ ಅವರು ‘ವೀಣೆಯ ಹುಚ್ಚು’ ಎಂಬ ಚಿತ್ರಕ್ಕೆ ವಸ್ತುವಾಗಿಸಿಕೊಂಡರು. ಕರ್ನಾಟಕದ ಕಲಾಚರಿತ್ರೆಯಲ್ಲಿ ಸಂಗೀತದ ಸೆಳೆತಕ್ಕೆ ಇಷ್ಟು ನೇರವಾದ ಸಾಕ್ಷ್ಯ ಅಪರೂಪ.

ವೀಣೆಯಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಹಲವು ಸ್ವರಗಳನ್ನು ಹೊರಡಿಸಬಹುದು. ಸ್ವರಕ್ಕೂ ಸ್ವರಕ್ಕೂ ನಡುವಿನ ಈ ಜಾರು, ತೂಗುಗಳಿಗೆ ಗಮಕವೆಂದು ಹೆಸರು. ವೆಂಕಟಪ್ಪನವರ ಊಟಿಯ ಜಲವರ್ಣಗಳಲ್ಲಿ ಮಂಜು, ಬೆಟ್ಟ, ಆಕಾಶಗಳ ನಡುವೆ ಗೆರೆಯ ಗಡಿಯಿಲ್ಲದೆ ಬಣ್ಣವು ಬಣ್ಣಕ್ಕೆ ಸರಿಯುವ ಬಗೆಯನ್ನು ನೋಡಿದವರಿಗೆ, ಗಮಕ ಸಾಧಿಸಿದ ಕೈಯ ಸಂಯಮ ಅಲ್ಲಿ ಕೆಲಸ ಮಾಡಿದೆ ಎನಿಸದಿರದು. ಇದನ್ನು ದಾಖಲೆಯಿಂದ ರುಜುವಾತುಪಡಿಸಲಾಗದು, ನಿಜ. ಆದರೂ ಅವುಗಳಲ್ಲಿ ಯಾವ ರಾಗದ ಹೆಸರೂ ನಾಯಿಕೆಯೂ ಇಲ್ಲದಿದ್ದರೂ, ರಾಗಮಾಲೆಯ ಎಷ್ಟೋ ಹಾಳೆಗಳಿಗಿಂತ ಅವೇ ಸಂಗೀತಕ್ಕೆ ಹತ್ತಿರವಾಗಿವೆ.

ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ (1911–1996) ಇದೇ ಹಂಬಲವನ್ನು ಲಯದ ಕಡೆಯಿಂದ ಅರಸಿ, ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ನರ್ತಕರನ್ನೂ ವಾದಕರನ್ನೂ ಕೆಲವೇ ಗೆರೆಗಳಲ್ಲಿ ಹಿಡಿದ ಅವರ ರೇಖಾಚಿತ್ರಗಳು 1964ರಲ್ಲಿ ‘ದ ಸಿಂಗಿಂಗ್ ಲೈನ್’ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂದವು.