ಕಾರು ಕೈ ಬದಲಾದಾಗ

ನಾಣ್ಯವೊಂದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ನಾಣ್ಯದ ಚಿತ್ರ ಕಾಗದದ ಮೇಲೆ ಮೂಡುತ್ತದೆ. ಚಿಕ್ಕಂದಿನಲ್ಲಿ ನೀವೆಲ್ಲ ಆಡಿರುವ ಆಟವಿದು. ಹಳೆಯ ಕಾರನ್ನು ಕೊಂಡು ಅದರ ಕಾಗದಪತ್ರಗಳನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಆರ್.ಟಿ.ಓ. ಕಚೇರಿಗೆ ಹೋದವರು ಇದೇ ಆಟವನ್ನು ದೊಡ್ಡವರಾದ ಮೇಲೂ ಆಡಿರುತ್ತಾರೆ. ಕಾರಿನ ಚಾಸಿಸ್ ಮೇಲೆ ಅಚ್ಚೊತ್ತಿದ ಸಂಖ್ಯೆಗೆ ಕಾಗದ ಹಿಡಿದು, ಪೆನ್ಸಿಲಿನಿಂದ ಉಜ್ಜಿ, ಮೂಡಿದ ಗುರುತನ್ನು ಅರ್ಜಿಗೆ ಲಗತ್ತಿಸುವುದು ಬಹುಕಾಲದಿಂದ ಬಂದ ಪದ್ಧತಿ.

ಈ ಗುರುತು ಮೂರು ವಸ್ತುಗಳನ್ನು ಒಂದಕ್ಕೊಂದು ಕಟ್ಟುತ್ತದೆ: ರಸ್ತೆಯಲ್ಲಿ ಓಡುವ ಕಬ್ಬಿಣ, ಕಚೇರಿಯಲ್ಲಿರುವ ದಾಖಲೆ ಮತ್ತು ಕಾರಿನ ಒಡೆಯ. ಕಾರು ಮಾರಾಟವಾದಾಗ ಮೊದಲ ಎರಡು ಹಾಗೆಯೇ ಉಳಿದು ಮೂರನೆಯದು ಮಾತ್ರ ಬದಲಾಗಬೇಕು. ಆದರೆ ಅದು ಬದಲಾಗುವುದು ಯಾವಾಗ? ಹಣ ಕೊಟ್ಟು ಕೀಲಿಕೈ ಪಡೆದ ಕ್ಷಣದಲ್ಲೋ, ದಾಖಲೆಯಲ್ಲಿ ಹೆಸರು ತಿದ್ದಿದ ದಿನದಲ್ಲೋ? ಈ ಎರಡರ ನಡುವಿನ ಅವಧಿಯಲ್ಲಿ ಕಾರು ಯಾರನ್ನಾದರೂ ಗುದ್ದಿದರೆ ಪರಿಹಾರ ಕೊಡಬೇಕಾದವರು ಯಾರು? ಪ್ರಶ್ನೆ ಸರಳವಾಗಿ ಕಾಣುತ್ತದೆ. ಉತ್ತರ ಸ್ಪಷ್ಟವಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಅದು ಹೇಗೆಂದು ನೋಡೋಣ.

ತಗಡಿನ ಮೇಲೆ ಒಡೆಯನ ಹೆಸರು

ಮೋಟಾರು ವಾಹನಗಳಿಗೆ ಗುರುತಿನ ಫಲಕ ಕಡ್ಡಾಯವಾದದ್ದು ಮೊದಲು ಪ್ಯಾರಿಸ್ ನಗರದಲ್ಲಿ. 1893ರ ಆಗಸ್ಟ್ 14ರಂದು ಅಲ್ಲಿನ ಪೊಲೀಸ್ ಆಡಳಿತ ಒಂದು ಆಜ್ಞೆ ಹೊರಡಿಸಿತು. ಪ್ರತಿ ವಾಹನವೂ ಲೋಹದ ಫಲಕವೊಂದನ್ನು ಹೊತ್ತಿರಬೇಕು. ಅದರ ಮೇಲೆ ಒಡೆಯನ ಹೆಸರು, ವಿಳಾಸ ಮತ್ತು ಒಂದು ಸಂಖ್ಯೆ ಓದುವಂತೆ ಬರೆದಿರಬೇಕು.

ಇಲ್ಲಿನ ತೊಡಕನ್ನು ನೀವು ಆಗಲೇ ಊಹಿಸಿರಬಹುದು. ಹೆಸರು ಫಲಕದ ಮೇಲೆಯೇ ಇದ್ದರೆ, ಕಾರು ಮಾರಿದಾಗಲೆಲ್ಲ ಫಲಕವನ್ನೂ ಬದಲಿಸಬೇಕು. ಮನೆ ಬದಲಿಸಿದರೂ ಅದೇ ಪಾಡು.

ಬ್ರಿಟನ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ 1903ರ ಮೋಟಾರು ಕಾರು ಕಾಯಿದೆ 1904ರ ಜನವರಿ 1ರಿಂದ ಜಾರಿಗೆ ಬಂದಿತು. ಅದರಂತೆ ಫಲಕದ ಮೇಲೆ ಇರಬೇಕಾದದ್ದು ಅಕ್ಷರ ಮತ್ತು ಅಂಕಿ ಮಾತ್ರ. ಹೆಸರು, ವಿಳಾಸಗಳು ಸ್ಥಳೀಯ ಆಡಳಿತದ ದಾಖಲೆ ಪುಸ್ತಕದಲ್ಲಿರುತ್ತವೆ. ಲಂಡನ್ನಿನ ಮೊದಲ ಸಂಖ್ಯೆ 'ಎ 1' ದೊರೆತದ್ದು ಗಣಿತಜ್ಞ ಬರ್ಟ್ರಂಡ್ ರಸೆಲ್ ಅವರ ಅಣ್ಣ ಅರ್ಲ್ ರಸೆಲ್ ಅವರಿಗೆ.

ಇದೊಂದು ಸಣ್ಣ ಬದಲಾವಣೆಯೇನಲ್ಲ. ನಿಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಕ್ರಮಸಂಖ್ಯೆ ಮಾಡುವ ಕೆಲಸವನ್ನೇ ಇಲ್ಲಿ ಫಲಕದ ಸಂಖ್ಯೆ ಮಾಡುತ್ತದೆ. ಸಂಖ್ಯೆ ತಾನಾಗಿ ಏನನ್ನೂ ಹೇಳುವುದಿಲ್ಲ. ಪುಸ್ತಕದಲ್ಲಿ ಎಲ್ಲಿ ನೋಡಬೇಕೆಂಬುದನ್ನು ತೋರಿಸುತ್ತದೆ. ಕಾರು ಮಾರಿದಾಗ ಫಲಕವನ್ನು ಮುಟ್ಟಬೇಕಾಗಿಲ್ಲ, ಪುಸ್ತಕದ ಒಂದು ಸಾಲು ತಿದ್ದಿದರೆ ಸಾಕು. ಆದರೆ ಇದರ ಜೊತೆಗೇ ಹೊಸದೊಂದು ತೊಂದರೆಯೂ ಹುಟ್ಟಿತು. ಆ ಸಾಲನ್ನು ತಿದ್ದಿಸಲು ಯಾರೂ ಹೋಗದಿದ್ದರೆ? ಕಾರು ಒಬ್ಬರ ಬಳಿ, ಹೆಸರು ಇನ್ನೊಬ್ಬರದು!

ಈ ತೊಂದರೆಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕಂಡುಕೊಂಡವು. ಬ್ರಿಟನ್ನಿನಲ್ಲಿ 1920ರ ರಸ್ತೆ ಕಾಯಿದೆಯ ನಂತರ ಪ್ರತಿ ಕಾರಿಗೂ ಒಂದು 'ಲಾಗ್ ಬುಕ್' ಬಂದಿತು. ಕಾರು ಕೈ ಬದಲಾದದ್ದು ಅದರಲ್ಲಿ ದಾಖಲಾಗುತ್ತಿತ್ತು. ಈಗಿನ ಬ್ರಿಟಿಷ್ ನೋಂದಣಿ ಪತ್ರದಲ್ಲಿರುವ ಹೆಸರು ಕಾರಿನ 'ನೋಂದಾಯಿತ ಪಾಲಕ'ರದು. ಆ ಪತ್ರ ಒಡೆತನಕ್ಕೆ ಪುರಾವೆಯಲ್ಲ. ಅಮೆರಿಕದ ರಾಜ್ಯಗಳಲ್ಲಿ ಒಡೆತನಕ್ಕೇ 'ಟೈಟಲ್' ಎಂಬ ಪ್ರತ್ಯೇಕ ಪತ್ರವುಂಟು. ರಸ್ತೆಗಿಳಿಸುವ ನೋಂದಣಿ ಬೇರೆ. ನಮ್ಮ ದೇಶದಲ್ಲಿ ಈ ಎರಡೂ ಕೆಲಸಗಳ ಹೊರೆ ಒಂದೇ ಪತ್ರದ ಮೇಲೆ ಬಿತ್ತು. ನಾವು ಆರ್.ಸಿ. ಎಂದು ಕರೆಯುವ ನೋಂದಣಿ ಪ್ರಮಾಣಪತ್ರವೇ ಅದು.

ಒಂದು ಮಾರಾಟ, ಎರಡು ಕಾಯಿದೆ

ಭಾರತಕ್ಕೆಲ್ಲ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯಿದೆ 1914ರದು. ಅದರ ಜಾಗಕ್ಕೆ 1939ರಲ್ಲಿ ವಿಸ್ತಾರವಾದ ಇನ್ನೊಂದು ಕಾಯಿದೆ ಬಂದಿತು. ಅದರ 31ನೇ ಕಲಮು ಒಡೆತನದ ವರ್ಗಾವಣೆಗೆ ಮೀಸಲಾಗಿತ್ತು. ವಾಹನ ಕೈ ಬದಲಾದುದನ್ನು ನೋಂದಣಿ ಅಧಿಕಾರಿಗೆ ತಿಳಿಸಬೇಕೆಂದು ಅದು ವಿಧಿಸಿತು.

ಈ ನಡುವೆ 1930ರ ಸರಕು ಮಾರಾಟ ಕಾಯಿದೆಯೂ ಇತ್ತು. ಅದರ ದೃಷ್ಟಿಯಲ್ಲಿ ಕಾರು ಒಂದು ಸರಕು ಅಷ್ಟೆ. ಹಸು, ಹೊಲಿಗೆ ಯಂತ್ರ, ಸೈಕಲ್ಲುಗಳಂತೆ. ಕೊಡುವವರು, ಕೊಳ್ಳುವವರು ಒಪ್ಪಿ, ಒಡೆತನ ದಾಟಬೇಕೆಂದು ಬಯಸಿದಾಗ ಅದು ದಾಟುತ್ತದೆ. ಇದಕ್ಕೆ ನೋಂದಣಿ ಕಚೇರಿಯ ಮುದ್ರೆ ಬೇಕಿಲ್ಲ. ಹೀಗಾಗಿ ಒಂದೇ ಕಾರು ಒಂದು ಕಾಯಿದೆಯ ಪ್ರಕಾರ ಕೊಂಡವರದು, ಇನ್ನೊಂದರ ದಾಖಲೆಯಲ್ಲಿ ಮಾರಿದವರದು!

1939ರ ಕಾಯಿದೆ 'ಒಡೆಯ' ಎಂಬ ಪದವನ್ನು ವಿವರಿಸುವಾಗ ನೋಂದಣಿಯನ್ನು ಆಧಾರವಾಗಿ ಹಿಡಿದಿರಲಿಲ್ಲ. ಅಪ್ರಾಪ್ತ ವಯಸ್ಕರ ವಾಹನಕ್ಕೆ ಪೋಷಕರು ಒಡೆಯರು, ಕಂತಿನ ಕರಾರಿನ ವಾಹನಕ್ಕೆ ಅದನ್ನು ವಶದಲ್ಲಿ ಇಟ್ಟುಕೊಂಡವರು ಒಡೆಯರು ಎಂದು ಮಾತ್ರ ಹೇಳಿತ್ತು. 1988ರ ಕಾಯಿದೆ, ಅಂದರೆ 1989ರ ಜುಲೈ 1ರಿಂದ ಜಾರಿಯಲ್ಲಿರುವ ಈಗಿನ ಕಾಯಿದೆ, ಈ ವ್ಯಾಖ್ಯೆಯನ್ನೇ ಬದಲಿಸಿತು. ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಒಡೆಯರು ಎಂದಿತು. ಕಾಯಿದೆಯ 2ನೇ ಕಲಮಿನಲ್ಲಿ ಅಡಗಿರುವ ಈ ಒಂದು ವಾಕ್ಯದ ತೂಕ ಎಷ್ಟೆಂಬುದು ಎಲ್ಲರಿಗೂ ಅರಿವಾದದ್ದು ತುಂಬಾ ತಡವಾಗಿ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣವೊಂದನ್ನು ಗಮನಿಸಿ. ಕಾರಿನ ಒಡೆಯರು ಅದನ್ನು 2007ರಲ್ಲೇ ಮಾರಿದ್ದರು. ಕೊಂಡವರು ಮತ್ತೊಬ್ಬರಿಗೆ, ಅವರು ಇನ್ನೊಬ್ಬರಿಗೆ, ಹೀಗೆ ಕಾರು ಕೈಯಿಂದ ಕೈಗೆ ಹೋಯಿತು. ಆರ್.ಸಿ.ಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿಯಿತು. 2009ರಲ್ಲಿ ಆ ಕಾರಿನಿಂದ ಅಪಘಾತವಾಗಿ ಜೀವಹಾನಿಯಾಯಿತು. ಪರಿಹಾರದ ಹೊಣೆ ಯಾರದು? ಆ ದಿನ ದಾಖಲೆಯಲ್ಲಿ ಯಾರ ಹೆಸರಿತ್ತೋ ಅವರದು ಎಂದು ನ್ಯಾಯಾಲಯ ತೀರ್ಮಾನಿಸಿತು. ಕಾರು ಯಾರಿಂದ ಯಾರಿಗೆ ಹೋಯಿತೆಂದು ಹುಡುಕಿಕೊಂಡು ನೊಂದವರು ಅಲೆಯುವಂತಾಗಬಾರದು ಎಂಬುದು ಅದರ ಹಿಂದಿನ ತರ್ಕ.

ಅಪಘಾತದಲ್ಲಿ ಮಗನನ್ನೋ ಮಗಳನ್ನೋ ಕಳೆದುಕೊಂಡ ಕುಟುಂಬದ ಕಡೆಯಿಂದ ನೋಡಿದರೆ ಇದು ನ್ಯಾಯವೇ. ಎರಡು ವರ್ಷದ ಹಿಂದೆಯೇ ಕಾರು ಮಾರಿ ಮರೆತುಬಿಟ್ಟವರ ಕಡೆಯಿಂದ ನೋಡಿದರೆ ಕಠಿಣ. ಆದರೆ ಅವರ ಕೈಯಲ್ಲಿ ಒಂದು ಉಪಾಯವಿತ್ತು. ಮಾರಾಟವಾದುದನ್ನು ತಿಳಿಸುವ ಒಂದು ಹಾಳೆಯನ್ನು ಅವರು ಕಚೇರಿಗೆ ಸಲ್ಲಿಸಿ, ಹೆಸರು ಬದಲಾಗುವವರೆಗೆ ಬೆನ್ನು ಹತ್ತಬಹುದಿತ್ತು.

ಉಕ್ಕಿನಲ್ಲಿ ಒತ್ತಿದ ಸಂಖ್ಯೆ

ಫಲಕವನ್ನು ಎರಡು ತಿರುಪು ಬಿಚ್ಚಿ ಬದಲಿಸಬಹುದು. ಕದ್ದ ಕಾರಿಗೆ ಬೇರೆ ಫಲಕ ಹಾಕಿ ಮಾರುವುದು ಅದಕ್ಕಾಗಿಯೇ ಸುಲಭ. ಆದ್ದರಿಂದ ಕಾರಿನ ಮೈಯಲ್ಲೇ ಒಂದು ಸಂಖ್ಯೆ ಇರಬೇಕಾಯಿತು. ಅಮೆರಿಕದಲ್ಲಿ 1981ರ ಮಾದರಿಯ ಕಾರುಗಳಿಂದ 17 ಸ್ಥಾನಗಳ ವಾಹನ ಗುರುತು ಸಂಖ್ಯೆ ಕಡ್ಡಾಯವಾಯಿತು. ಈಗ ನಮ್ಮ ಕಾರುಗಳಲ್ಲಿ ಕಾಣುವ ಚಾಸಿಸ್ ಸಂಖ್ಯೆಗೂ 17 ಸ್ಥಾನಗಳಿವೆ. ಭಾರತದಲ್ಲಿ ತಯಾರಾದವು 'ಎಂಎ', 'ಎಂಬಿ' ಮುಂತಾದ ಅಕ್ಷರಗಳಿಂದ ಆರಂಭವಾಗುತ್ತವೆ. ಒಂದು, ಸೊನ್ನೆಗಳೊಡನೆ ಗೊಂದಲವಾಗದಿರಲೆಂದು ಇಂಗ್ಲಿಷಿನ 'ಐ', 'ಓ', 'ಕ್ಯೂ' ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ.

ಅಮೆರಿಕದ ಪದ್ಧತಿಯಲ್ಲಿ ಒಂಬತ್ತನೆಯ ಸ್ಥಾನದ ಅಂಕಿ ಉಳಿದ 16ರ ಕಾವಲುಗಾರ. ಪ್ರತಿ ಸ್ಥಾನಕ್ಕೂ ಒಂದು ತೂಕವಿದೆ. ಕ್ರಮವಾಗಿ: 8, 7, 6, 5, 4, 3, 2, 10, 0, 9, 8, 7, 6, 5, 4, 3, 2. ಅಕ್ಷರಗಳಿಗೆ ಬದಲಾಗಿ 1ರಿಂದ 9ರವರೆಗಿನ ಗೊತ್ತುಪಡಿಸಿದ ಬೆಲೆಗಳನ್ನು ಹಾಕಿ, ಪ್ರತಿ ಬೆಲೆಯನ್ನೂ ಅದರ ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿ, 11ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಒಂಬತ್ತನೆಯ ಅಂಕಿಯಾಗಿರಬೇಕು. ಶೇಷ 10 ಆದರೆ 'ಎಕ್ಸ್'.

ಲೆಕ್ಕ ಮಾಡಿ ನೋಡಿ. ಹದಿನೇಳೂ ಸ್ಥಾನದಲ್ಲಿ 1 ಇರುವ ಒಂದು ಕಲ್ಪಿತ ಸಂಖ್ಯೆಯನ್ನು ತೆಗೆದುಕೊಳ್ಳಿ. ತೂಕಗಳ ಮೊತ್ತ 89. ಅದನ್ನು 11ರಿಂದ ಭಾಗಿಸಿದರೆ ಶೇಷ 1. ಒಂಬತ್ತನೆಯ ಅಂಕಿಯೂ 1, ಆದ್ದರಿಂದ ಸಂಖ್ಯೆ ಸರಿ. ಈಗ ಯಾರೋ ಮೂರನೆಯ ಸ್ಥಾನದ 1ನ್ನು ತಪ್ಪಾಗಿ 7 ಎಂದು ಬರೆದರು ಎನ್ನೋಣ. ಆ ಸ್ಥಾನದ ತೂಕ 6. ಮೊತ್ತ 125 ಆಗುತ್ತದೆ, ಶೇಷ 4. ತಪ್ಪು ಸಿಕ್ಕಿಬಿತ್ತು! 11 ಅವಿಭಾಜ್ಯ ಸಂಖ್ಯೆಯಾದ್ದರಿಂದ ಯಾವುದೇ ಸ್ಥಾನದ ಒಂದು ಅಂಕಿ ತಪ್ಪಿದರೂ ಹೀಗೆ ಬಯಲಾಗುತ್ತದೆ. ಏಕೆಂದು ವಿದ್ಯಾರ್ಥಿಗಳು ಯೋಚಿಸಬಹುದು. ಒಂದು ಎಚ್ಚರಿಕೆ: ಭಾರತದ ಎಲ್ಲ ಕಾರುಗಳಲ್ಲೂ ಒಂಬತ್ತನೆಯ ಸ್ಥಾನ ಈ ಕಾವಲು ಅಂಕಿಯಾಗಿರುವುದಿಲ್ಲ.

ಕಳ್ಳರು ಚಾಸಿಸ್ ಸಂಖ್ಯೆಯನ್ನೇ ಅರದಿಂದ ಉಜ್ಜಿ ಅಳಿಸಿದರೆ? ಇಲ್ಲಿ ಲೋಹವಿಜ್ಞಾನ ನೆರವಿಗೆ ಬರುತ್ತದೆ. ಅಚ್ಚೊತ್ತುವಾಗ ಅಂಕಿಯ ತಳದ ಕೆಳಗಿರುವ ಲೋಹದ ಹರಳುಗಳೂ ಅದುಮಲ್ಪಟ್ಟು ವಿರೂಪಗೊಂಡಿರುತ್ತವೆ. ಕಣ್ಣಿಗೆ ಕಾಣುವ ಗುಳಿಯನ್ನು ಅರ ಅಳಿಸಿದರೂ ಈ ವಿರೂಪ ಇನ್ನಷ್ಟು ಆಳದವರೆಗೆ ಉಳಿಯುತ್ತದೆ. ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲವಿರುವ 'ಫ್ರೈ ದ್ರಾವಣ'ವನ್ನು ಲೇಪಿಸಿದಾಗ ವಿರೂಪಗೊಂಡ ಭಾಗ ಸುತ್ತಲಿನ ಲೋಹಕ್ಕಿಂತ ಬೇರೆ ವೇಗದಲ್ಲಿ ಕರಗುತ್ತದೆ, ಅಳಿಸಿದ ಅಂಕಿ ಮತ್ತೆ ಕಾಣಿಸಿಕೊಳ್ಳುತ್ತದೆ. ನ್ಯಾಯವಿಜ್ಞಾನ ಪ್ರಯೋಗಾಲಯಗಳು ಬಳಸುವ ವಿಧಾನವಿದು.

ಈಗ ನಾವು ಮಾಡಬೇಕಾದದ್ದು

ಈ ಇತಿಹಾಸವೆಲ್ಲ ಇಂದು ಕೆಲವು ನಮೂನೆಗಳ ರೂಪದಲ್ಲಿ ನಮ್ಮ ಮುಂದೆ ಬರುತ್ತದೆ. ನಮೂನೆ 29 ಮಾರಿದವರ ತಿಳಿವಳಿಕೆ ಪತ್ರ. ಮಾರಿದ 14 ದಿನಗಳ ಒಳಗೆ ಸಲ್ಲಬೇಕು. ನಮೂನೆ 30 ಹೆಸರು ಬದಲಾವಣೆಯ ಅರ್ಜಿ. ಕೊಂಡವರು 30 ದಿನಗಳ ಒಳಗೆ ಆರ್.ಸಿ. ಮತ್ತು ಶುಲ್ಕದೊಡನೆ ಸಲ್ಲಿಸಬೇಕು. ಕಾರಿನ ಮೇಲೆ ಬ್ಯಾಂಕಿನ ಸಾಲವಿದ್ದರೆ ಅದು ತೀರಿದುದಕ್ಕೆ ನಮೂನೆ 35. ಬೇರೆ ರಾಜ್ಯದಿಂದ ಬಂದ ಕಾರಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರಕ್ಕೆ ನಮೂನೆ 28. ಜೊತೆಗೆ ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಒಡೆಯರು ತೀರಿಕೊಂಡಿದ್ದರೆ ವಾರಸುದಾರರಿಗೆ ನಮೂನೆ 31, ಸರ್ಕಾರಿ ಹರಾಜಿನಲ್ಲಿ ಕೊಂಡವರಿಗೆ ನಮೂನೆ 32. ಒಂದು ಕಾಲದಲ್ಲಿ 'ಎಂವೈ', 'ಸಿಎ' ಸರಣಿಯ ಕಾರುಗಳ ವಿವರ ಆಯಾ ಕಚೇರಿಯ ದಪ್ಪ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. ಈಗ ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ 'ವಾಹನ್' ವ್ಯವಸ್ಥೆಯಲ್ಲಿ ದಾಖಲೆಯನ್ನು ದೂರದಿಂದಲೇ ಪರಿಶೀಲಿಸಬಹುದು.

ವಿಮೆಯ ಮಾತು ಬೇರೆ. ಕಾಯಿದೆಯ 157ನೇ ಕಲಮಿನ ಪ್ರಕಾರ ಮೂರನೆಯವರಿಗಾಗುವ ಹಾನಿಯ ವಿಮೆ ಕಾರಿನೊಡನೆ ತಾನಾಗಿ ಕೊಂಡವರಿಗೆ ದಾಟುತ್ತದೆ. ಆದರೂ 14 ದಿನಗಳಲ್ಲಿ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು. ಕಾರಿಗೇ ಆಗುವ ಹಾನಿಯ ವಿಮೆ ಹೀಗೆ ತಾನಾಗಿ ದಾಟುವುದಿಲ್ಲ. ಹೆಸರು ಬದಲಿಸುವ ಮೊದಲೇ ಮರಕ್ಕೆ ಗುದ್ದಿದರೆ ರಿಪೇರಿಯ ಖರ್ಚು ನಿಮ್ಮ ಜೇಬಿನಿಂದಲೇ. ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿಯೂ ಕಾರಿನದಲ್ಲ, ವ್ಯಕ್ತಿಯದು. ಅದು ಮಾರಿದವರ ಬಳಿಯೇ ಉಳಿಯುತ್ತದೆ.

ಇಷ್ಟೆಲ್ಲ ಇದ್ದೂ ತೊಂದರೆ ಹುಟ್ಟುವುದು ಒಂದು ಅಭ್ಯಾಸದಿಂದ. ಮಾರುವವರು 29, 30ನೇ ನಮೂನೆಗಳಿಗೆ ಸಹಿ ಹಾಕಿ, ಕೊಳ್ಳುವವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ದಲ್ಲಾಳಿಯ ಕೈಗೆ ಕೊಡುತ್ತಾರೆ. ಗಿರಾಕಿ ಸಿಗುವವರೆಗೆ ಕಾಗದ ದಲ್ಲಾಳಿಯ ಮೇಜಿನಲ್ಲಿ, ಕಾರು ರಸ್ತೆಯಲ್ಲಿ. ಈ ಬಿರುಕನ್ನು ಮುಚ್ಚಲು 2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 2023ರ ಏಪ್ರಿಲ್ 1ರಿಂದ ಜಾರಿಗೊಳಿಸಲಾಯಿತು. ಹಳೆಯ ವಾಹನಗಳ ವ್ಯಾಪಾರಿ ನೋಂದಣಿ ಅಧಿಕಾರಿಯಿಂದ ಅಧಿಕಾರ ಪತ್ರ ಪಡೆದಿರಬೇಕು. ಕಾರು ತನಗೆ ಒಪ್ಪಿಸಲ್ಪಟ್ಟುದು ದಾಖಲಾದ ಮೇಲೆ ಅದರ ಹೊಣೆ ವ್ಯಾಪಾರಿಯದು. ಅಧಿಕಾರ ಪತ್ರವಿಲ್ಲದ ಪರಿಚಯದ ದಲ್ಲಾಳಿಗೆ ಕಾರು ಒಪ್ಪಿಸಿದರೆ ಈ ರಕ್ಷಣೆ ದೊರೆಯುವುದಿಲ್ಲ.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಕಾರಿದ್ದರೆ ಇಂದೇ ಆರ್.ಸಿ. ತೆಗೆದು ನೋಡಿ. ಅದರಲ್ಲಿರುವ ಚಾಸಿಸ್ ಸಂಖ್ಯೆಗೂ ಕಾರಿನ ಮೈಮೇಲಿನ ಸಂಖ್ಯೆಗೂ ತಾಳೆಯಾಗುತ್ತದೆಯೇ? ಹೆಸರು ಈಗ ಕಾರು ಇಟ್ಟುಕೊಂಡವರದೇ? ಹಿಂದೆಂದೋ ಮಾರಿದ ಸ್ಕೂಟರೋ ಕಾರೋ ಇದ್ದರೆ ಅದರ ಸಂಖ್ಯೆಯನ್ನು ನೆನಪಿಸಿಕೊಂಡು, ದಾಖಲೆಯಲ್ಲಿ ಯಾರ ಹೆಸರಿದೆಯೆಂದು ವಿಚಾರಿಸಿ. ಇನ್ನೂ ನಿಮ್ಮ ಹೆಸರೇ ಇದ್ದರೆ ನಾಳೆಯೇ ಆರ್.ಟಿ.ಓ. ಕಚೇರಿಗೆ ಹೊರಡಿ.